ಸದ್ದು ಮಾಡದ ಮಗುವಿನ ತಾಯಿ

“ನನ್ನ ಮಗಳಿಗೆ ನಾನು ಮೊಟ್ಟಮೊದಲು ಕಲಿಸಿದ ಮಾತು ‘ಶ್’. ನಗಬೇಡಿ ದೊಡ್ಡಮ್ಮ, ನಿಜಾನೇ ಹೇಳ್ತಿದ್ದೀನಿ. ಬೇರೆ ಅಮ್ಮಂದಿರು ಚಂದಮಾಮನ್ನ ತೋರಿಸ್ತಾರೆ, ಕಾಗೆ ತೋರಿಸ್ತಾರೆ, ಮೂಗೆಲ್ಲಿ ಕಿವಿಯೆಲ್ಲಿ ಅಂತ ಕೇಳ್ತಾರೆ. ನಾನು ತುಟಿ ಮೇಲೆ ಬೆರಳಿಟ್ಟು ತೋರಿಸಿದೆ. ಲಾಡ್ಜಿನ ಎರಡನೇ ಮಹಡೀಲಿ, ಮೆಟ್ಟಿಲ ಪಕ್ಕ, ಬಟ್ಟೆ ಕೋಣೆ ಅಂತ ಇದೆ. ಒಗೆದ ಚಾದರ, ದಿಂಬಿನ ಕವರು, ಟವೆಲು ಎಲ್ಲ ಅಲ್ಲೇ ಜೋಡಿಸೋದು. ಕಿಟಕಿ ಇಲ್ಲ. ಬೆಳಿಗ್ಗೆ ಹಿಂದಿನ ಮೆಟ್ಟಿಲಲ್ಲಿ ಬಟ್ಟೆ ಬುಟ್ಟೀಲಿ ಅವಳನ್ನ ಕೂರಿಸಿ, ಮೇಲೊಂದು ಚಾದರ ಹೊದಿಸಿ ಹೊತ್ಕೊಂಡು ಹೋಗ್ತಿದ್ದೆ. ಕೆಳಗಿನ ಹಲಗೇಲಿ ಹಳೇ ಕಂಬಳಿ ಹಾಸಿ ಕೂರಿಸೋದು. ಕೈಗೊಂದು ಬನ್ನು, ಆಡೋಕೆ ಒಂದಿಷ್ಟು ಬಟ್ಟೆ ಕ್ಲಿಪ್ಪು. ಬಾಗಿಲು ಮುಂದಕ್ಕೆ ಮಾಡಿ ನಾನು ರೂಮುಗಳಿಗೆ ಹೋಗೋದು. ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ ಅಂತ ಮ್ಯಾನೇಜರ್ ಕೆಲಸಕ್ಕೆ ಸೇರಿದ ದಿನಾನೇ ಹೇಳಿದ್ರು. ‘ಇಲ್ಲಿ ಜನ ದುಡ್ಡು ಕೊಟ್ಟು ನಿದ್ದೆ ಮಾಡೋಕೆ ಬರ್ತಾರಮ್ಮ, ಮಗು ಅಳೋದು ಕೇಳೋಕಲ್ಲ’ ಅಂತ.

“ರೂಮಿಂದ ರೂಮಿಗೆ ಹೋಗುವಾಗ ಪೊರಕೆ ಹಿಡಿಯಿಂದ ಆ ಬಾಗಿಲಿಗೆ ಟಕ್ ಟಕ್ ಅನ್ನಿಸ್ತಿದ್ದೆ. ಅಮ್ಮ ಇಲ್ಲೇ ಇದ್ದೀನಿ ಅಂತ. ಅವಳು ಒಳಗಿಂದ ಉಗುರಲ್ಲಿ ಟಕ್ ಅನ್ನೋಳು. ನಾನೂ ಇದ್ದೀನಿ ಅಂತ. ನೀರು ಬೇಕಾದ್ರೆ ಹಲಗೆ ಕೆರೆಯೋಳು, ಒಂದಕ್ಕೆ ಬಂದ್ರೆ ಅಂಗೈಲಿ ತಟ್ಟೋಳು. ಯಾರೂ ಹೇಳಿಕೊಟ್ಟಿದ್ದಲ್ಲ, ನಾವಿಬ್ರೇ ಕಂಡುಕೊಂಡಿದ್ದು. ಎಷ್ಟು ಜಂಬ ಇತ್ತು ಗೊತ್ತಾ ನಂಗೆ? ಉಳಿದವರ ಮಕ್ಕಳು ಅಂಗಡಿ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿ ಅಳ್ತಿದ್ರೆ, ನನ್ನ ಮಗಳು ಎಂಥ ಚಿನ್ನ ಅಂತ ಒಳಗೊಳಗೇ ಉಬ್ಬಿಹೋಗ್ತಿದ್ದೆ. ಚಿನ್ನಾನೇ ಬಿಡಿ. ಪೆಟ್ಟಿಗೇಲಿಟ್ಟು ಮುಚ್ಚಿದ್ರೂ ಸುಮ್ನೆ ಇರುತ್ತಲ್ಲ ಚಿನ್ನ, ಹಂಗೆ.”

ಹೀಗೆ ಹೇಳಿದವಳು ನನ್ನ ಪಕ್ಕದ ಕೋಣೆಯವಳು. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ವಠಾರದ ಚಿಕ್ಕವರು ದೊಡ್ಡವರೆಲ್ಲ ಅವಳನ್ನು ಲಾಡ್ಜಕ್ಕ ಎಂದೇ ಕರೆಯುತ್ತಿದ್ದರು. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, ಹಾಗಾಗಿ ಅವನು ಬ್ರೆಡ್ಡಣ್ಣ. ಊರು ಮಲಗಿದಾಗ ಅವನು ಹಿಟ್ಟು ನಾದುತ್ತಿದ್ದ, ಊರು ಎದ್ದಾಗ ಬಂದು ಮಲಗುತ್ತಿದ್ದ. ಮನೆ ಎಂದರೆ ಒಂದೇ ಕೋಣೆ. ಹೆಂಡತಿಯ ರಜೆಯ ದಿನ ಮಗು ಮನೆಯಲ್ಲಿದ್ದರೂ ಬಾಯಿ ಬಿಡುವಂತಿರಲಿಲ್ಲ; ಅಪ್ಪನಿಗೆ ನಿದ್ದೆ ಕೆಟ್ಟರೆ ಒಲೆಯ ಮುಂದೆ ಕೈ ಸುಟ್ಟುಕೊಳ್ಳುತ್ತಾನೆ ಎಂದು ತಾಯಿ ಅಲ್ಲಿಯೂ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಮಗುವಿಗೆ ಒಂದು ಹೆಸರಿತ್ತು, ಆದರೆ ನಡೆದರೂ ಹೆಜ್ಜೆ ಸದ್ದಾಗದ ಆ ಹುಡುಗಿಯನ್ನು ನಾವು ಬೆಕ್ಕಿನಮರಿ ಎನ್ನುತ್ತಿದ್ದೆವು. ಬರಬರುತ್ತ ಬೆಕ್ಕು ಹೋಗಿ ಮರಿ ಉಳಿಯಿತು.

ಆ ದಿನಗಳಲ್ಲಿ ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ವಠಾರದ ಬೇರೆ ಹೆಂಗಸರೂ ಅಷ್ಟೇ, ಒಬ್ಬೊಬ್ಬರು ಒಂದೊಂದು ಕಡೆ. ಹಗಲಲ್ಲಿ ಅಲ್ಲಿ ಉಳಿಯುತ್ತಿದ್ದವು ಬೀಗಗಳು ಮಾತ್ರ. ಎಚ್ಚರವಿದ್ದ ಒಬ್ಬನೇ ಒಬ್ಬ ಗಂಡಸು ನಲ್ಲಿಯ ಪಕ್ಕದ ದರ್ಜಿ. ಅವನಿಗೆ ಮೂವರು ಗಂಡುಮಕ್ಕಳು. ಅವರ ಗಲಾಟೆಗೆ ಅವನ ಹೊಲಿಗೆ ಮಿಷನ್ನಿನ ಸದ್ದೇ ಕೇಳುತ್ತಿರಲಿಲ್ಲ. “ಲಾಡ್ಜಕ್ಕ, ನಿಮ್ಮ ಮರೀನ ನಮ್ಮನೆಗೆ ಒಂದು ವಾರ ಕೊಟ್ಟು, ಈ ಮೂರು ರಾಕ್ಷಸರನ್ನ ನೀವು ತಗೊಂಡು ಹೋಗಿ. ಮೇಲೆ ಒಂದು ಅಂಗಿ ಬಿಟ್ಟಿಯಾಗಿ ಹೊಲಿದು ಕೊಡ್ತೀನಿ” ಎಂದು ಅವನು ತಮಾಷೆ ಮಾಡುತ್ತಿದ್ದ. ಲಾಡ್ಜಕ್ಕನ ಮುಖ ಅರಳುತ್ತಿತ್ತು.

ಲಾಡ್ಜಿನ ಕೆಲಸ ಮೈ ಮುರಿಯುವ ಕೆಲಸ. ಬೆಳಗಿನ ಬಸ್ಸು ಹಿಡಿಯುವವರು ಎದ್ದು ಹೋದ ಕೂಡಲೇ ಶುರು. ಹಾಸಿಗೆಯ ಚಾದರ ಎಳೆದು ಕೊಡವಬೇಕು, ಕಲೆ ಇದ್ದರೆ ಬೇರೆ ಬಕೆಟ್ಟಿಗೆ ಹಾಕಬೇಕು, ಹಾಸಿಗೆ ಮಗುಚಬೇಕು, ಬಚ್ಚಲಿನ ಜಾಲರಿಯಿಂದ ಯಾರದೋ ತಲೆಗೂದಲು ಬೆರಳಲ್ಲಿ ತೆಗೆಯಬೇಕು, ಕನ್ನಡಿಯನ್ನು ಹಳೆಯ ಪೇಪರಿನಿಂದ ಒರೆಸಬೇಕು. ಕೊನೆಗೆ ಹೊಸ ಚಾದರ ಹಾಸಿ ನಾಲ್ಕೂ ಮೂಲೆಯನ್ನು ಸುಕ್ಕಿಲ್ಲದಂತೆ ಒಳಕ್ಕೆ ಸೇರಿಸಬೇಕು. ಬ್ಲೀಚಿಂಗ್ ಪುಡಿಯಿಂದ ಅವಳ ಅಂಗೈ ಒಡೆದು ಹೋಗಿತ್ತು. ಮೈಮೇಲೆ ಲಾಡ್ಜಿನವರು ಕೊಟ್ಟ ನೀಲಿ ಕೋಟು. ಅದನ್ನು ಮನೆಯಿಂದಲೇ ತೊಟ್ಟು ಹೊರಡುತ್ತಿದ್ದಳು.

ಹತ್ತಿರದಲ್ಲಿ ಶಿಶುವಿಹಾರ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು. ಗೇಟಿನ ಮೇಲೆ ಮೊಲದ ಚಿತ್ರ ಬರೆದಿದ್ದ ಒಂದು, ಕಾರಿನಲ್ಲಿ ಬರುವವರ ಮಕ್ಕಳಿಗೆ; ಅದರ ಕಾಂಪೌಂಡಿನ ಹೊರಗೆ ನಿಂತು ಲಾಡ್ಜಕ್ಕ ಒಳಗಿನ ಜಾರುಬಂಡಿಯನ್ನು ನೋಡಿ ಬಂದಿದ್ದಳು, ಅಷ್ಟೇ. ಇನ್ನೊಂದು ಸರ್ಕಾರದ್ದು, ದುಡ್ಡು ಕೇಳುತ್ತಿರಲಿಲ್ಲ. ಆದರೆ ಬಿಸಿಲೇರಿದ ಮೇಲೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. “ಅವರು ಬಾಗಿಲು ತೆಗೆಯೋ ಹೊತ್ತಿಗೆ ನಾನು ಒಂದು ಮಹಡಿ ಮುಗಿಸಿರ್ತೀನಿ. ಹಾಕೋ ಹೊತ್ತಿಗೆ ಇನ್ನೊಂದು ಬಾಕಿ ಇರುತ್ತೆ. ಮಗಳನ್ನ ಕರ್ಕೊಂಡು ಬರೋಕೆ ಯಾರನ್ನ ಕಳಿಸ್ಲಿ, ಬಸ್ ಕಂಡಕ್ಟರನ್ನಾ?” ಎನ್ನುತ್ತಿದ್ದಳು.

ಮರಿಗೆ ನಾಲ್ಕು ತುಂಬಿದ ಮೇಲೆ ಮಾರುಕಟ್ಟೆಯ ಹಿಂದೆ ‘ಮಕ್ಕಳ ಮನೆ’ ತೆರೆಯಿತು. ತರಕಾರಿ ಮಾರುವ ಹೆಂಗಸರೂ ಬಸ್ ನಿಲ್ದಾಣ ಗುಡಿಸುವವರೂ ಎಷ್ಟೋ ಕಾಲದಿಂದ ಕೇಳಿ ಕೇಳಿ ಬಾಯಿ ನೋಯಿಸಿಕೊಂಡ ಮೇಲೆ ಬಂದ ಜಾಗ ಅದು. ಮೂರು ತುಂಬಿದ ಮಕ್ಕಳನ್ನು ಬೆಳಿಗ್ಗೆ ಬಿಟ್ಟರೆ ಸಂಜೆ ಕರೆದುಕೊಂಡು ಹೋಗಬಹುದಿತ್ತು. ಆಡಿಸಲು, ಕಲಿಸಲು ತರಬೇತಿ ಪಡೆದ ಒಬ್ಬ ಟೀಚರಮ್ಮ ಇದ್ದರು. ಗೋಡೆಯ ತುಂಬ ಮಕ್ಕಳ ಕೈಗೆಟುಕುವಷ್ಟು ಎತ್ತರದಲ್ಲಿ ಕರಿಹಲಗೆ, ಮರಳಿನ ತೊಟ್ಟಿ, ಮರದ ಗೊಂಬೆಗಳು. ಲಾಡ್ಜಕ್ಕ ಮ್ಯಾನೇಜರನ್ನು ಬೇಡಿಕೊಂಡು ಸ್ವಲ್ಪ ತಡವಾಗಿ ಬರಲು ಒಪ್ಪಿಗೆ ಪಡೆದಳು. ಬದಲಿಗೆ ಮೆಟ್ಟಿಲು ತೊಳೆಯುವ ಕೆಲಸವನ್ನೂ ಮೈಮೇಲೆ ಎಳೆದುಕೊಂಡಳು. ಮಗಳನ್ನು ಮೊದಲ ಸಲ ಅಲ್ಲಿ ಬಿಟ್ಟು ಬಂದ ಸಂಜೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಮಿಕ್ಕ ಮಕ್ಕಳೆಲ್ಲ ಹೋ ಅಂತ ಅಳ್ತಿದ್ವು. ನನ್ನ ಮಗಳು ಒಂದು ಹನಿ ಕಣ್ಣೀರು ಹಾಕಿಲ್ಲ ದೊಡ್ಡಮ್ಮ!”

ಟೀಚರಮ್ಮನಿಗೂ ಮೊದಮೊದಲು ಖುಷಿಯೇ. ಆಮೇಲೆ ಒಂದು ಸಂಜೆ ಲಾಡ್ಜಕ್ಕನನ್ನು ಪಕ್ಕಕ್ಕೆ ಕರೆದರು.

“ಅಮ್ಮ, ನಿಮ್ಮ ಮಗಳಿಗೆ ಕಿವಿ ಕೇಳಿಸುತ್ತಾ?”

“ಅಯ್ಯೋ, ಇರುವೆ ನಡೆದ್ರೂ ಕೇಳಿಸುತ್ತೆ ಮೇಡಂ. ಯಾಕೆ?”

“ಬಂದಾಗಿಂದ ಒಂದು ಮಾತಾಡಿಲ್ಲ. ಏನಾದ್ರೂ ಕೇಳಿದ್ರೆ ಮೇಜು ಕುಟ್ಟುತ್ತಾಳೆ, ಇಲ್ಲಾ ಕೆರೀತಾಳೆ. ಬೇರೆ ಮಕ್ಕಳೂ ಈಗ ಕುಟ್ಟೋಕೆ ಶುರು ಮಾಡಿದಾರೆ.”

“ಕೆರೆದ್ರೆ ನೀರು ಮೇಡಂ. ಅಂಗೈಲಿ ತಟ್ಟಿದ್ರೆ ಒಂದಕ್ಕೆ” ಎಂದು ಲಾಡ್ಜಕ್ಕ ನಗುತ್ತಲೇ ಹೇಳಿದಳು. ಟೀಚರಮ್ಮ ನಗಲಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ ಎಂದರು.

ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಕಿವಿಗೆ ಏನೇನೋ ಸಿಕ್ಕಿಸಿ ನೋಡಿದರು, ಬಾಯಿ ತೆರೆಸಿ ನೋಡಿದರು. ಮಾತು ಬಾರದ ಮಕ್ಕಳಿಗೆ ಕಲಿಸುವ ಒಬ್ಬ ಹೆಂಗಸು ಅಲ್ಲಿದ್ದಳು, ನನಗೆ ಮಗಳಾಗುವಷ್ಟು ಚಿಕ್ಕವಳು. ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಕೇಳಿದಳು.

“ಕಿವಿ ಚೆನ್ನಾಗಿದೆ, ನಾಲಗೆ ಚೆನ್ನಾಗಿದೆ, ಬುದ್ಧೀನೂ ಚುರುಕಾಗಿದೆ. ಹಗಲು ಹೊತ್ತು ಇವಳ ಜೊತೆ ಯಾರು ಮಾತಾಡ್ತಿದ್ರಮ್ಮ?”

“ಯಾರೂ ಇಲ್ಲ.”

“ಹಾಗಾದ್ರೆ ಇವಳು ಯಾರ ಜೊತೆ ಮಾತಾಡ್ತಿದ್ಲು?”

“ಬಾಗಿಲ ಜೊತೆ” ಎಂದಳು ಲಾಡ್ಜಕ್ಕ.

ಆ ಹೆಂಗಸು ಬೈಯಲಿಲ್ಲ. ಮಗು ‘ಆ’ ಎಂದಾಗ ಎದುರಿಗಿದ್ದವರು ‘ಏನು ಕಂದ’ ಅನ್ನಬೇಕು, ಹೀಗೆ ಕೊಟ್ಟು ತೆಗೆದುಕೊಂಡೇ ಮಾತು ಬೆಳೆಯುವುದು, ಅದಕ್ಕೆ ಮೊದಲ ವರ್ಷಗಳು ಬಹಳ ಮುಖ್ಯ ಎಂದು ನಿಧಾನವಾಗಿ ತಿಳಿಸಿದಳು. ಈಗಲೂ ಕಾಲ ಮಿಂಚಿಲ್ಲ, ಆದರೆ ದೊಡ್ಡ ಶಾಲೆಗೆ ಹೋಗುವ ಮೊದಲು ಇವಳು ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವಂತಾಗಬೇಕು, ಅಲ್ಲಿ ಒಬ್ಬೊಬ್ಬರನ್ನೇ ನೋಡಿಕೊಳ್ಳುವವರು ಇರುವುದಿಲ್ಲ ಎಂದಳು. ಆವತ್ತಿನಿಂದ ಲಾಡ್ಜಕ್ಕನಿಗೆ ಅದೊಂದೇ ಧ್ಯಾನ. ಮಗಳು ಒಂದು ಸಲ ಗಟ್ಟಿಯಾಗಿ ಕರೆಯಬೇಕು.

ಮನೆಗೆ ಬಂದು ನಲ್ಲಿಕಟ್ಟೆಯ ಮೇಲೆ ಕೂತಳು. “ಹೊಟ್ಟೆಗೆ ಹಾಕಿದೆ, ಮೈಗೆ ಹಾಕಿದೆ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಕಿವಿಗೆ ಮಾತು ಹಾಕ್ಬೇಕು ಅಂತ ಯಾರೂ ಹೇಳ್ಲಿಲ್ವಲ್ಲ ದೊಡ್ಡಮ್ಮ.”

ದರ್ಜಿ ತನ್ನ ಮೂವರನ್ನೂ ಸಾಲಾಗಿ ನಿಲ್ಲಿಸಿದ. “ಕೇಳ್ರೋ, ಇವತ್ತಿಂದ ನಿಮಗೆ ಒಂದು ಕೆಲಸ. ಮರಿಗೆ ಗಲಾಟೆ ಮಾಡೋದು ಹೇಗೆ ಅಂತ ಕಲಿಸ್ಬೇಕು. ನಿಮಗಿಂತ ದೊಡ್ಡ ಮೇಷ್ಟ್ರು ಈ ಊರಲ್ಲಿ ಸಿಗಲ್ಲ.” ಅವರು ಡಬ್ಬ ಬಡಿದರು, ಕುಣಿದರು, ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ಮರಿ ನಡುವೆ ಕೈಕಟ್ಟಿ ಕೂತು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ ಎದ್ದು ಹೋಗಿ ಅವರ ಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿ ಬಂದಳು. ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದ.

ಮಳೆಗಾಲ ಮುಗಿದ ಹೊಸದರಲ್ಲಿ ಅದು ನಡೆಯಿತು. ಮಕ್ಕಳ ಮನೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ ಎಲ್ಲರನ್ನೂ ಮಲಗಿಸುತ್ತಾರೆ. ಮರಿ ತಾನೇ ಎದ್ದು ಶೌಚಾಲಯಕ್ಕೆ ಹೋಗಿದ್ದಳು. ಬಾಗಿಲ ಹಿಂಬದಿಯಲ್ಲಿ, ಕೀಲಿನ ಸಂದಿನಲ್ಲಿ ಕೈ ಊರಿ ನಿಂತಿದ್ದಾಗ ಗಾಳಿಗೆ ಬಾಗಿಲು ಬಡಿದು ಬೆರಳು ಸಿಕ್ಕಿಕೊಂಡಿತು. ಇನ್ನೊಂದು ಕೈಯಿಂದ ಎಳೆಯಲು ಎಟುಕಲಿಲ್ಲ. ಅವಳು ಕೂಗಲಿಲ್ಲ. ಇನ್ನೊಂದು ಕೈಯ ಉಗುರಿನಿಂದ ಬಾಗಿಲನ್ನು ಬಡಿದಳು. ಟಕ್. ಆಮೇಲೆ ಮತ್ತೆ ಟಕ್. ಮಲಗಿದ ಮಕ್ಕಳ ಪಕ್ಕ ಕೂತಿದ್ದ ಟೀಚರಮ್ಮನಿಗೆ ಆ ಸದ್ದು ಕೇಳಿಸಿತ್ತಂತೆ. ಗಾಳಿಗೆ ಯಾವುದೋ ಚಿಲಕ ಆಡುತ್ತಿದೆ ಎಂದುಕೊಂಡರು. ಮಕ್ಕಳು ಎದ್ದು, ಹಾಲು ಕೊಡುವಾಗ ಒಂದು ಲೋಟ ಹೆಚ್ಚಾದಾಗಲೇ ಮರಿ ಇಲ್ಲದ್ದು ಅವರಿಗೆ ಗೊತ್ತಾದದ್ದು. ಹೋಗಿ ನೋಡಿದರೆ ಮಗು ನಿಂತೇ ಇದೆ, ಮೈಯೆಲ್ಲ ಬೆವತು, ಕೆಳದುಟಿಯನ್ನು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡು.

ಸುದ್ದಿ ಮುಟ್ಟಿದಾಗ ಲಾಡ್ಜಕ್ಕ ಯಾವುದೋ ಹಾಸಿಗೆ ಮಗುಚುತ್ತಿದ್ದಳು. ಹಾಗೆಯೇ ಓಡಿದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಟೀಚರಮ್ಮನ ತೊಡೆಯ ಮೇಲೆ ಕೂತಿದ್ದ ಮಗಳ ಮುಂದೆ ಮಂಡಿಯೂರಿದಳು. ಟೀಚರಮ್ಮನೇ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

“ಕೂಗಬಾರದಾ ಮಗಳೇ? ಅಮ್ಮಾ ಅಂತ ಒಂದು ಸಲ, ಒಂದೇ ಸಲ ಕೂಗಬಾರದಾ?”

ಮಗು ಅವಳ ಮೈಮೇಲಿನ ನೀಲಿ ಕೋಟನ್ನು ನೋಡಿತು. ನೆಟ್ಟಗಿದ್ದ ಕೈಯನ್ನು ಎತ್ತಿ, ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಿತು.

ಇದನ್ನು ನನಗೆ ಹೇಳಿದ್ದು ಟೀಚರಮ್ಮ. ಲಾಡ್ಜಕ್ಕ ಈ ಒಂದು ವಿಷಯದ ಬಗ್ಗೆ ಇವತ್ತಿನವರೆಗೂ ತುಟಿ ಪಿಟಕ್ಕೆಂದಿಲ್ಲ. ಅಲ್ಲಿಂದ ಮುಂದೆ ಆ ಕೋಟನ್ನು ಮಾತ್ರ ಮಗಳ ಕಣ್ಣಿಗೆ ಬೀಳಿಸಲಿಲ್ಲ. ಲಾಡ್ಜಿನಲ್ಲೇ ತೊಟ್ಟು ಲಾಡ್ಜಿನಲ್ಲೇ ಕಳಚಿಟ್ಟು ಬರುತ್ತಿದ್ದಳು.

ಬೆರಳು ಕೂಡಿಕೊಂಡ ಮೇಲೆ ಒಂದು ಭಾನುವಾರ ಸಂಜೆ, ಬ್ರೆಡ್ಡಣ್ಣ ನಿದ್ದೆ ಬಿಟ್ಟು ಎದ್ದ. ಬಸ್ ಡಿಪೊದ ಹಿಂದೆ ಹಳೆಯ ಟೈರುಗಳನ್ನು ರಾಶಿ ಹಾಕಿದ್ದ ಒಂದು ಬಯಲಿತ್ತು. ಅಲ್ಲಿಗೆ ಹೋಗೋಣ, ಮಗಳಿಗೆ ಕೂಗುವುದನ್ನು ಕಲಿಸೋಣ ಎಂದ. ನನ್ನನ್ನೂ ಕರೆದರು. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತು “ಹೋ...ಯ್” ಎಂದು ಕೂಗಿದ. ಟೈರಿನ ಮೇಲಿದ್ದ ಕಾಗೆಗಳು ಎದ್ದು ಹೋದವು.

“ಈಗ ನೀನು ಕೂಗು” ಎಂದು ಹೆಂಡತಿಗೆ ಹೇಳಿದ.

ಲಾಡ್ಜಕ್ಕ ಬಾಯಿ ತೆರೆದಳು. ಗಾಳಿ ಬಂತು, ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಾಗ ಬಾಗಿಲು ಕಿರುಗುಟ್ಟಿದಂತೆ ಏನೋ ಹೊರಟಿತು. ಅವಳಿಗೆ ನಗು ಬಂತು, ನಮಗೂ ಬಂತು. “ನಿಂಗೇ ಟ್ಯೂಷನ್ ಬೇಕಲ್ಲೇ!” ಎಂದು ಗಂಡ ರೇಗಿಸಿದ. ಅವಳು ಮೂರನೇ ಸಲ ಉಸಿರು ಎಳೆದುಕೊಂಡಾಗ ಮರಿ ಓಡಿಬಂದು ಅಮ್ಮನ ತೋಳು ಹಿಡಿದು ಬಗ್ಗಿಸಿ, ತನ್ನ ಪುಟ್ಟ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. ಆಮೇಲೆ ಹೆದರಿದ ಕಣ್ಣಿನಿಂದ ಸುತ್ತ ನೋಡಿದಳು.

ಬ್ರೆಡ್ಡಣ್ಣ ಕುಕ್ಕರುಗಾಲಲ್ಲಿ ಕೂತು ಮಗಳ ಮುಖ ಹಿಡಿದುಕೊಂಡ. “ಇಲ್ಲಿ ಯಾರೂ ಮಲಗಿಲ್ಲ ಕಂದ. ನೋಡು, ನಾನೂ ಎದ್ದೇ ಇದ್ದೀನಿ.”

ಅಲ್ಲಿಂದ ಬರುವಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ.

ಟೀಚರಮ್ಮ ಕೈ ಬಿಡಲಿಲ್ಲ. ದಿನವೂ ಮಕ್ಕಳು ಹೋದ ಮೇಲೆ ಮರಿಯನ್ನು ಮರಳಿನ ತೊಟ್ಟಿಯ ಪಕ್ಕ ಕೂರಿಸಿಕೊಂಡು, ಅವಳು ಏನು ಮಾಡಿದರೂ ಅದಕ್ಕೊಂದು ಮಾತು ಸೇರಿಸುತ್ತಿದ್ದರು. ಹಾಗೆ ಮಾಡುತ್ತ ಮಾಡುತ್ತ ಒಂದು ದಿನ ಮರಿ ಅವರ ಕಿವಿಗೆ ಬಾಯಿ ಹಚ್ಚಿ “ನೀರು” ಎಂದಳಂತೆ. ಲಾಡ್ಜಕ್ಕ ಆ ಸಂಜೆ ವಠಾರದ ಬಾಗಿಲು ಬಾಗಿಲಿಗೂ ಹೋಗಿ ಹೇಳಿಬಂದಳು. ದರ್ಜಿ ಎಲ್ಲರಿಗೂ ಬಿಸ್ಕತ್ತು ಹಂಚಿದ. ಪಿಸುಮಾತಿನಲ್ಲಿ ಒಂದೊಂದೇ ಪದ ಬಂದವು, ಆಮೇಲೆ ಸಣ್ಣ ಸಣ್ಣ ವಾಕ್ಯಗಳೂ ಬಂದವು. ಆದರೆ ಪಿಸುಮಾತು ಪಿಸುಮಾತಾಗಿಯೇ ನಿಂತಿತು. ಇನ್ನೊಂದು ವರ್ಷ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಎಂದು ಟೀಚರಮ್ಮ ಮೇಲಿನವರನ್ನು ಕೇಳಿದರು. ಆರು ತುಂಬಿದವರಿಗೆ ಜಾಗವಿಲ್ಲ, ಕಾಯುತ್ತಿರುವವರೇ ಬೇಕಾದಷ್ಟಿದ್ದಾರೆ ಎಂದು ಉತ್ತರ ಬಂತು. ಅದೂ ಸುಳ್ಳಲ್ಲ. ಬಾಗಿಲ ಹೊರಗೆ ಮಕ್ಕಳನ್ನು ಎತ್ತಿಕೊಂಡು ದಿನವೂ ಬರುತ್ತಿದ್ದ ತಾಯಂದಿರನ್ನು ನಾನೇ ನೋಡಿದ್ದೇನೆ.

ದೊಡ್ಡ ಶಾಲೆಯ ಒಂದನೇ ತರಗತಿಯಲ್ಲಿ ಬೆಂಚಿಗೆ ಐದೈದು ಮಕ್ಕಳು. ಹಾಜರಿ ಕರೆದಾಗ ಮರಿ ಹೇಳುತ್ತಿದ್ದದ್ದು ಅವಳ ಬೆಂಚಿಗೇ ಕೇಳುತ್ತಿರಲಿಲ್ಲ. ಪಕ್ಕದ ಹುಡುಗಿ “ಬಂದಿದ್ದಾಳೆ ಮಿಸ್” ಎಂದು ಅವಳ ಪರವಾಗಿ ಕೂಗುತ್ತಿದ್ದಳು. ಆ ಹುಡುಗಿ ಬರದ ದಿನ ಇವಳೂ ಬಾರದವಳೇ. ಅರ್ಥವಾಗದ್ದನ್ನು ಕೇಳುತ್ತಿರಲಿಲ್ಲ, ಅರ್ಥವಾದದ್ದನ್ನು ಹೇಳುತ್ತಿರಲಿಲ್ಲ. ಲಾಡ್ಜಕ್ಕ ಶಾಲೆಗೆ ಹೋಗಿ ವಿಚಾರಿಸಿದಾಗ ಅಲ್ಲಿನ ಮಿಸ್ಸು ಕೈಮುಗಿದು, “ಎಲ್ಲ ಮಕ್ಕಳೂ ನಿಮ್ಮ ಮಗಳ ಥರ ಇದ್ದಿದ್ರೆ ನಾನು ಪುಣ್ಯವಂತೆ” ಎಂದರು. ಹಿಂದೆ ಇಂಥ ಮಾತಿಗೆ ಅರಳುತ್ತಿದ್ದ ಮುಖ ಕಪ್ಪಿಟ್ಟಿತು. ಆ ದಿನ ಲಾಡ್ಜಕ್ಕನ ಊಟದ ಡಬ್ಬಿ ತೆರೆಯದೆ ಹಾಗೇ ವಾಪಸು ಬಂತು.

ಅದೇ ದಿನಗಳಲ್ಲಿ ಲಾಡ್ಜಿಗೆ ಹೊಸದಾಗಿ ಒಬ್ಬಳು ಎಳೆಯ ಪ್ರಾಯದವಳು ಕೆಲಸಕ್ಕೆ ಸೇರಿದ್ದಳು. ಒಂದು ಬೆಳಿಗ್ಗೆ ಟವೆಲು ತೆಗೆಯಲು ಲಾಡ್ಜಕ್ಕ ಬಟ್ಟೆ ಕೋಣೆಯ ಬಾಗಿಲು ತೆರೆದಳು. ಕೆಳಗಿನ ಹಲಗೆಯ ಮೇಲೆ ಹಾಲುಹಲ್ಲಿನ ಒಂದು ಗಂಡುಮಗು ಕೂತಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿತು. ಅಳಲಿಲ್ಲ, ಕೈ ಚಾಚಲಿಲ್ಲ. ಹಿಂದಿನಿಂದ ಆ ಹುಡುಗಿ ಓಡಿಬಂದಳು.

“ಹೆದರಬೇಡಿ ಅಕ್ಕ, ಉಸಿರೂ ಬಿಡಲ್ಲ ಅವನು. ಥೇಟ್ ನಿಮ್ಮ ಮಗಳ ಹಾಗೇ. ನೀವು ಹೇಗೆ ನಿಭಾಯಿಸಿದ್ರಿ ಅಂತ ಇಲ್ಲಿನವರೆಲ್ಲ ಹೇಳಿಕೊಟ್ರು” ಎಂದು ಹೆಮ್ಮೆಯಿಂದ ನಕ್ಕಳು.

ಲಾಡ್ಜಕ್ಕ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಹಿಂದಿನ ಮೆಟ್ಟಿಲು ಹಿಡಿಯಲಿಲ್ಲ. ಗಿರಾಕಿಗಳು ಪೇಪರು ಓದುತ್ತ ಕೂತಿದ್ದ ಮುಂದಿನ ಹಾಲಿಗೇ ಇಳಿದು ಬಂದಳು. “ಇದು ಮೆಟ್ಟಿಲು, ಇದು ಗಡಿಯಾರ, ನೋಡು, ಅವರು ಮ್ಯಾನೇಜರು” ಎಂದು ಮಗುವಿಗೆ ತೋರಿಸುತ್ತ ನೇರವಾಗಿ ಅವರ ಮೇಜಿನ ಮುಂದೆ ನಿಂತಳು. ಎಳೆಯ ತಾಯಿ ಅವಳ ಹಿಂದೆಯೇ ಇಳಿದು ಬಂದಿದ್ದಳು.

“ಕೆಲಸದಿಂದ ತೆಗೆಯೋದಾದ್ರೆ ನನ್ನ ತೆಗೀರಿ ಸರ್, ಇವಳನ್ನಲ್ಲ. ನನ್ನ ಮಗಳು ಆ ಕತ್ತಲೆ ಕೋಣೇಲೇ ಬೆಳೆದಳು. ನಿಮಗೆ ಒಂದಿನಾನೂ ಗೊತ್ತಾಗ್ಲಿಲ್ಲ.”

ಮ್ಯಾನೇಜರು ವಯಸ್ಸಾದ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗೊತ್ತಿರಲಿಲ್ಲ ಅಂತ ಯಾರಮ್ಮ ಹೇಳಿದ್ದು? ಎಲ್ಲ ಗೊತ್ತಿತ್ತು. ಆ ಟಕ್ ಟಕ್ ಕೆಳಗಡೆವರೆಗೂ ಕೇಳ್ತಿತ್ತು. ಕಣ್ಣು ಮುಚ್ಕೊಂಡಿದ್ದೆ. ಪಾಪ, ಬಡವಳು, ಇರಲಿ, ಉಪಕಾರ ಆಗುತ್ತೆ ಅಂದ್ಕೊಂಡೆ.”

“ಹಾಗಾದ್ರೆ ಅವಳು ಅತ್ತಿದ್ರೂ...”

“ಅಳದೇ ಇರುತ್ತಾ ಮಗು? ಅತ್ತಿದ್ರೆ ಗಿರಾಕಿಗೆ ಏನೋ ಒಂದು ಹೇಳ್ತಿದ್ದೆ. ಅಳಲೇ ಇಲ್ಲವಲ್ಲ ಅಂತ ನನಗೇ ಆಶ್ಚರ್ಯ ಆಗ್ತಿತ್ತು.”

ಲಾಡ್ಜಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಗು ಅವಳ ಕಿವಿಯೋಲೆ ಹಿಡಿದು ಎಳೆಯುತ್ತಿತ್ತು. ಯಾರಿಗಾಗಿ ಅಷ್ಟೆಲ್ಲ ಬಾಯಿ ಮುಚ್ಚಿಸಿದೆ ಎಂದು ಅವಳು ಆಮೇಲೆ ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ.

ಅಲ್ಲಿಂದ ಅವಳು ಮಗುವನ್ನು ಎತ್ತಿಕೊಂಡು ಮಕ್ಕಳ ಮನೆಗೆ ನಡೆದಳು, ತಾಯಿಯೂ ಹಿಂದೆ ಹಿಂದೆ. ಮೂರು ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲವಲ್ಲ ಎಂದು ಟೀಚರಮ್ಮ ಸಂಕಟಪಟ್ಟರು.

“ಮೂರರ ತನಕ ಅವನನ್ನ ಎಲ್ಲಿಡೋದು ಮೇಡಂ? ಅಷ್ಟರಲ್ಲಿ ಎಲ್ಲ ಮುಗಿದೇ ಹೋಗಿರುತ್ತೆ.”

“ನನಗೆ ಗೊತ್ತಿಲ್ವೇನಮ್ಮ? ಹಿಂದಿನ ಕೋಣೆ ಖಾಲಿ ಇದೆ. ಎಳೇ ಮಕ್ಕಳನ್ನ ನೋಡ್ಕೊಳ್ಳೋಕೆ, ಬೆಳಿಗ್ಗೆ ಬೇಗ ಬಂದು ಬಾಗಿಲು ತೆಗೆಯೋಕೆ ಆಳು ಬೇಕು. ಕೊಡೋ ಸಂಬಳಕ್ಕೆ ಯಾರು ಬರ್ತಾರೆ?”

“ನಾನು ಬರ್ತೀನಿ.”

ಅಷ್ಟು ಸಲೀಸಾಗಿ ಆಗಲಿಲ್ಲ. ಮೇಲಿನವರು ಒಪ್ಪಬೇಕಿತ್ತು, ಅವಳಿಗೆ ತರಬೇತಿ ಕೊಡಿಸಬೇಕಿತ್ತು. ಟೀಚರಮ್ಮ ಓಡಾಡಿದರು, ಮಾರುಕಟ್ಟೆಯ ಹೆಂಗಸರು ಬೆನ್ನಿಗೆ ನಿಂತರು. ಅಲ್ಲಿಯವರೆಗೆ ಆ ಗಂಡುಮಗುವನ್ನು ಲಾಡ್ಜಿನ ಮುಂದಿನ ಹಾಲಿನಲ್ಲಿ, ತನ್ನ ಮೇಜಿನ ಪಕ್ಕದಲ್ಲೇ ಮ್ಯಾನೇಜರು ಕೂರಿಸಿಕೊಂಡರು. ಕೊನೆಗೆ ಹಿಂದಿನ ಕೋಣೆಗೆ ಸುಣ್ಣ ಬಳಿದು, ಕಿಟಕಿ ದೊಡ್ಡದು ಮಾಡಿಸಿ, ಎಳೆಯ ಮಕ್ಕಳಿಗೆ ತೆರೆದರು. ಲಾಡ್ಜಕ್ಕ ಲಾಡ್ಜು ಬಿಟ್ಟು ಅಲ್ಲಿಯ ಆಯಾ ಆದಳು. ಮೊದಲ ಬಸ್ಸು ಹೊರಡುವ ಮುಂಚೆಯೇ ಈಗ ಅಲ್ಲಿ ಬಾಗಿಲು ತೆರೆದಿರುತ್ತದೆ. ಲಾಡ್ಜಿನವರು, ಹೋಟೆಲಿನ ಪಾತ್ರೆ ತೊಳೆಯುವವರು, ಸೊಪ್ಪಿನ ಗಂಟು ಹೊತ್ತವರು ನಿದ್ದೆಗಣ್ಣಿನ ಮಕ್ಕಳನ್ನು ಅವಳ ತೋಳಿಗೆ ದಾಟಿಸಿ ಓಡುತ್ತಾರೆ.

ಅವಳು ದಿನವಿಡೀ ಮಾತಾಡುತ್ತಾಳೆ. “ಈಗ ಮೂಗು ಒರೆಸ್ತೀನಿ, ಹಾಂ, ಇದು ಎಡಗಾಲು, ಇದು ಬಲಗಾಲು, ಏನದು ಕೋಪ? ಯಾರ ಮೇಲೆ ಕೋಪ ನನ್ನ ರಾಜನಿಗೆ?” ಯಾವ ಮಗು ಕಿರುಚಿದರೂ “ಇನ್ನೂ ಜೋರಾಗಿ!” ಎನ್ನುತ್ತಾಳೆ. ದರ್ಜಿ ಅವಳ ಹತ್ತಿರ ತನ್ನ ತಮ್ಮನ ಮಗಳನ್ನು ಬಿಡಲು ಬಂದಾಗ, “ಬಾಯೇನೋ ಬಂತು ಲಾಡ್ಜಕ್ಕ, ಬ್ರೇಕು ಹಾಕಿಸೋದು ಮರೆತಿದೀರಿ” ಎಂದು ಅಣಕಿಸುತ್ತಾನೆ. ಹೊಸ ತಾಯಂದಿರು ಯಾರಾದರೂ “ನನ್ನ ಮಗು ಬಹಳ ಒಳ್ಳೇದು, ಸದ್ದೇ ಮಾಡಲ್ಲ” ಎಂದರೆ ಮಾತ್ರ ಅವಳ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಮಗುವನ್ನು ಅವಳು ಆ ದಿನವೆಲ್ಲ ಕೆಳಗಿಳಿಸುವುದಿಲ್ಲ.

ಮರಿ ಈಗ ಹೈಸ್ಕೂಲು ಮೆಟ್ಟಿಲು ಹತ್ತಿದ್ದಾಳೆ. ಕೈಬರಹ ಮುದ್ದಾಗಿದೆ. ಒಂದು ವರ್ಷ ಎರಡು ಸಲ ಕೂತು ಪಾಸಾದಳು. ಬಾಯಲ್ಲಿ ಹೇಳುವ ಪರೀಕ್ಷೆ ಬಂದಾಗಲೆಲ್ಲ ಮೈ ಬಿಸಿಯಾಗುತ್ತದೆ. ಮಾತಾಡುತ್ತಾಳೆ, ಹತ್ತಿರ ಹೋದರೆ ಕೇಳುತ್ತದೆ. ಶಾಲೆ ಬಿಟ್ಟ ಮೇಲೆ ನೇರ ಅಮ್ಮನ ಹತ್ತಿರ ಬರುತ್ತಾಳೆ.

ನಿನ್ನೆ ನಾನು ಅಲ್ಲೇ ಕೂತು ಒಣಗಿದ ಲಂಗೋಟಿಗಳನ್ನು ಮಡಿಸುತ್ತಿದ್ದೆ. ಮಕ್ಕಳು ಹಾಲು ಕುಡಿದು ಮುಗಿಸಿದ್ದವು. ಎರಡು ಮಕ್ಕಳು ಒಂದು ಡಬ್ಬಿಗಾಗಿ ಕಿತ್ತಾಡುತ್ತಿದ್ದವು, ಒಂದು ಸುಮ್ಮಸುಮ್ಮನೆ ಕಿರುಚುತ್ತಿತ್ತು, ಇನ್ನೊಂದು ಅದನ್ನು ನೋಡಿ ತಾನೂ ಕಿರುಚುತ್ತಿತ್ತು. ಲಾಡ್ಜಕ್ಕ ಹಿಂದಿನ ಕಲ್ಲಿನ ಬಳಿ ಕೂತು ಲೋಟ ತೊಳೆಯುತ್ತಿದ್ದಳು. ಮರಿ ಚೀಲ ಇಳಿಸಿ ಬಂದು ಅಮ್ಮನ ಬೆನ್ನ ಹಿಂದೆ ನಿಂತು ಏನೋ ಹೇಳಿದಳು.

“ಏನಮ್ಮ? ಕೇಳಿಸ್ಲಿಲ್ಲ.”

ಮರಿ ಮತ್ತೆ ಹೇಳಿದಳು. ತುಟಿ ಆಡಿದ್ದು ನನಗೆ ಕಂಡಿತು.

“ಈ ಗಲಾಟೇಲಿ ಕೇಳಿಸ್ತಿಲ್ಲ ಕಂದ. ಸ್ವಲ್ಪ ಜೋರಾಗಿ ಹೇಳು.”

ಮರಿ ಅಮ್ಮನ ಮುಖ ನೋಡಿದಳು, ಗಲಾಟೆ ಮಾಡುತ್ತಿದ್ದ ಮಕ್ಕಳ ಕಡೆ ನೋಡಿದಳು. ಆಮೇಲೆ ಸುಮ್ಮನೆ ನಕ್ಕು ತಲೆ ಅಲ್ಲಾಡಿಸಿದಳು, ಏನಿಲ್ಲ ಬಿಡು ಎನ್ನುವ ಹಾಗೆ. ಲಾಡ್ಜಕ್ಕ ಸೋಪಿನ ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದಳು. ಮರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನೊರೆ ಇದ್ದ ಲೋಟಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ತಾಯಿ ತಿಕ್ಕಿ ತಿಕ್ಕಿ ಕೊಟ್ಟಳು, ಮಗಳು ಒಂದೊಂದನ್ನೇ ಬಕೆಟ್ಟಿನಲ್ಲಿ ಅದ್ದಿ, ಜಾಲಿಸಿ, ಬುಟ್ಟಿಯಲ್ಲಿ ಬೋರಲು ಹಾಕಿದಳು.